ಗಾಜಿನ ಮೇಲಿನ ಬೊಟ್ಟು

ಮೊನ್ನೆ ನಮ್ಮ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಹೊಸ ಕಂಪ್ಯೂಟರುಗಳು ಬಂದವು. ಹಳೆಯವನ್ನು ಗುಜರಿಗೆ ಕೊಡಬೇಕೆಂದು ಕಾರಿಡಾರಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ಇಷ್ಟು ವರ್ಷ ದುಡಿದ ಯಂತ್ರಗಳು ಧೂಳು ಹೊತ್ತುಕೊಂಡು ಹೋಗುವುದು ಬೇಡವೆಂದು ಒದ್ದೆ ಬಟ್ಟೆ ಹಿಡಿದು ಒರೆಸಲು ಕೂತೆ. ಮೂರನೆಯ ಪರದೆಯ ಬಲಗಡೆ, ಕೆಳಗಿನ ಮೂಲೆಗಿಂತ ಸ್ವಲ್ಪ ಮೇಲೆ, ಬಟ್ಟೆ ತಡೆಯಿತು. ನೋಡಿದರೆ ಒಂದು ಬೊಟ್ಟು. ಹಣೆಗೆ ಇಡುವ ಸ್ಟಿಕ್ಕರ್ ಬೊಟ್ಟು. ಕುಂಕುಮದ ಬಣ್ಣ ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಉಗುರಿನಿಂದ ಎಬ್ಬಿಸಲು ಹೋದೆ… ಕೈ ಏಳಲಿಲ್ಲ.

ಆ ಬೊಟ್ಟು ನನ್ನದೇ. ಅಂಟಿಸಿದ್ದೂ ನಾನೇ. ಆದರೆ ಅಲ್ಲಿ ಒಂದು ಬೊಟ್ಟು ಇರಲೇಬೇಕು ಎಂದು ನನಗೆ ಕಲಿಸಿದವರು ಜನ್ಮದಲ್ಲಿ ಒಮ್ಮೆಯೂ ಹಣೆಗೆ ಬೊಟ್ಟು ಇಟ್ಟವರಲ್ಲ.

ಬಾಯಮ್ಮ ಎಂದು ನಾವು ಕರೆಯುತ್ತಿದ್ದೆವು. ಮಂಗಳೂರಿನಲ್ಲಿ ತುಳು ಮಾತಾಡುವ ನಮ್ಮಂಥವರು ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಸಂಬಳದ ಪಟ್ಟಿಯಲ್ಲಿ ಅವರಿಗೆ ಮೂರು ತುಂಡಿನ ಉದ್ದ ಹೆಸರಿತ್ತು. ಆದರೆ ವಾರ್ಡಿನ ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರಿಗೂ ಅವರು ಬಾಯಮ್ಮನೇ. ಕರೆಯುವ ಹೆಸರಿನಲ್ಲಿ ಬಾಯಿ ಇದ್ದರೂ ಮಾತು ಕಡಿಮೆ. ಆಡಿದರೆ ಮಾತ್ರ ಎದುರಿನವರು ಎರಡು ದಿನ ಅದನ್ನೇ ಅಗಿಯುತ್ತಿರಬೇಕು. ಐವತ್ತು ದಾಟಿದ್ದರು. ಗಲ್ಫಿನ ಒಂದು ಆಸ್ಪತ್ರೆಯಲ್ಲಿ ಬಹಳ ವರ್ಷ ಕ್ಲಾರ್ಕ್ ಆಗಿದ್ದು ಊರಿಗೆ ಮರಳಿದವರು. ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಗಡೆಗೆ ತಿರುಗಿಸಿ ಕಟ್ಟುತ್ತಿದ್ದರು. ಮದುವೆಯಾಗಿರಲಿಲ್ಲ. ಏಕೆ ಆಗಲಿಲ್ಲ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅತ್ತಾವರದ ಒಳರಸ್ತೆಯಲ್ಲಿರುವ ಸಣ್ಣ ನರ್ಸಿಂಗ್ ಹೋಮ್ ನಮ್ಮದು. ಸುತ್ತಮುತ್ತ ದೊಡ್ಡ ದೊಡ್ಡ ಆಸ್ಪತ್ರೆಗಳಿರುವಾಗ ಇಲ್ಲಿಗೆ ಬರುವವರು ಯಾರು ಎಂದು ನೀವು ಕೇಳಬಹುದು. ದೊಡ್ಡ ಕಟ್ಟಡ ಕಂಡರೆ ಹೆದರುವವರು ಬರುತ್ತಾರೆ. ನಾನು ಕೊಡಿಯಾಲ್‌ಬೈಲಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಆರು ತಿಂಗಳು ಕಲಿತು, ಒಂದು ಸರ್ಟಿಫಿಕೇಟ್ ಮತ್ತು ಸಾಕಷ್ಟು ಜಂಬ ಹಿಡಿದುಕೊಂಡು, ಕೊಟ್ಟಾರದಿಂದ ಬಸ್ಸು ಹತ್ತಿ ಅಲ್ಲಿಗೆ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಸರ್ಟಿಫಿಕೇಟನ್ನು ಬಾಯಮ್ಮನ ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ಹಿಂದುಗಡೆ ನೋಡಿದರು. “ಖಾಲಿ ಉಂಟಲ್ಲ. ಒಳ್ಳೇದಾಯ್ತು, ನೋಟ್ಸ್ ಬರಿಲಿಕ್ಕೆ ಆಗ್ತದೆ” ಎಂದರು. ನಿಜವಾಗಿಯೂ ಅದರ ಬೆನ್ನ ಮೇಲೆಯೇ ಮೊದಲ ದಿನದ ಪಾಠ ಬರೆಸಿದರು.

ಆಸ್ಪತ್ರೆಯ ಡೇಟಾಬೇಸನ್ನು ಅವರೇ ಕಟ್ಟಿದ್ದರು. ಯಾವ ಕಂಪೆನಿಯೂ ಬಂದು ಮಾಡಿಕೊಟ್ಟದ್ದಲ್ಲ. ಕಂದು ಕಾಗದದ ಹೊದಿಕೆ ಹಾಕಿದ ದಪ್ಪ ಪುಸ್ತಕ ಒಂದನ್ನು ಓದಿ, ತಪ್ಪಿ, ಮತ್ತೆ ಓದಿ ಕಟ್ಟಿದ್ದು. ಅದರಲ್ಲಿ ಮೂರು ಫಾರ್ಮು. ‘ಬಂದವರು’ ಎಂಬುದು ಮೊದಲನೆಯದು, ರೋಗಿಯ ಹೆಸರು, ಊರು, ವಯಸ್ಸು ಬರೆಯಲು. ‘ಹಾಸಿಗೆ’ ಎರಡನೆಯದು, ಯಾವ ವಾರ್ಡು, ಯಾವ ಡಾಕ್ಟರು ಎಂದು ನಮೂದಿಸಿ ಚೀಟಿ ಮುದ್ರಿಸಲು. ಆ ಚೀಟಿ ಇಲ್ಲದೆ ಯಾರೂ ಮೇಲಿನ ಮಹಡಿಗೆ ಹೋಗುವಂತಿರಲಿಲ್ಲ. ‘ಹೊರಟವರು’ ಮೂರನೆಯದು. ಒಂದು ಫಾರ್ಮಿನಿಂದ ಇನ್ನೊಂದಕ್ಕೆ ಹೋಗಲು ಕೆಳಗೆ ಬಟನ್. ಒತ್ತಿದರೆ ಇದು ಮುಚ್ಚಿ ಅದು ತೆರೆಯುತ್ತದೆ. ಇಷ್ಟೇ. ಇದರಲ್ಲಿ ಕಲಿಯುವುದು ಏನಿದೆ ಎಂದು ನನಗೆ ಅನ್ನಿಸಿತ್ತು.

ಅಭ್ಯಾಸಕ್ಕೆಂದು ನನ್ನ ಕೈಯಲ್ಲಿ ಒಂದು ಬಟನ್ ಮಾಡಿಸಿದರು. ಮಾಡಿದೆ. ಒತ್ತಿದೆ, ಎರಡನೆಯ ಫಾರ್ಮ್ ತೆರೆಯಿತು. ನಮ್ಮ ರೂಮಿನ ಕೌಂಟರಿಗೆ ಬಂದವರಿಗೆ ಅದರಲ್ಲೇ ಚೀಟಿ ಮುದ್ರಿಸಿ ಕೊಟ್ಟು ಬೀಗಿ ಕೂತೆ. ಅರ್ಧ ಗಂಟೆಯಲ್ಲಿ ಮೇಲಿನಿಂದ ಸಿಸ್ಟರ್ ಒಬ್ಬರು ಚೀಟಿ ಹಿಡಿದು ಇಳಿದು ಬಂದರು. “ಇದು ಯಾರು ಕೊಟ್ಟದ್ದು ಮಾರಾಯ್ತಿ? ಬಸುರಿಯನ್ನು ಕಳಿಸಿದ್ದೀರಿ, ಚೀಟಿಯಲ್ಲಿ ಹರ್ನಿಯಾದ ಅಜ್ಜನ ಹೆಸರುಂಟು. ಅವರು ಮನೆಗೆ ಹೋಗಿ ತಿಂಗಳಾಯ್ತು.” ನನ್ನ ಬಟನ್ ಫಾರ್ಮನ್ನು ತೆರೆಯುತ್ತಿತ್ತು, ನಿಜ. ಆದರೆ ಯಾರಿಗಾಗಿ ತೆರೆಯಬೇಕೆಂದು ಅದಕ್ಕೆ ಗೊತ್ತಿರಲಿಲ್ಲ. ಹಾಗಾಗಿ ಪ್ರತಿ ಸಲವೂ ದಾಖಲೆಯ ಮೊದಲ ಸಾಲಿನಲ್ಲಿದ್ದ ಅಜ್ಜನನ್ನೇ ಎಬ್ಬಿಸಿ ತರುತ್ತಿತ್ತು.

ಬಾಯಮ್ಮ ಬೈಯಲಿಲ್ಲ. “ಬಾಗಿಲು ತೆಗೆದ್ರೆ ಸಾಕಾಗುದಿಲ್ಲ. ಇಲ್ಲಿ ಕೂತವರ ನಂಬರಿನ ಕೈ ಹಿಡ್ಕೊಂಡು ಆಚೆ ಕೋಣೆಗೆ ಹೋಗ್ಬೇಕು. ಕೈ ಬಿಟ್ರೆ ಅಲ್ಲಿ ಬೇರೆ ಯಾರೋ ಕೂತಿರ್ತಾರೆ” ಎಂದರು. ಸರ್ಟಿಫಿಕೇಟಿನ ಬೆನ್ನಿನ ಮೇಲೆ ಬರೆದ ಮೊದಲ ಸಾಲು ಅದು. ಇವತ್ತಿಗೂ ಇದೆ.

ಬಟನ್‌ಗಳ ಮೇಲಿನ ಬರಹ ಕೂಡ ಅವರದ್ದೇ. ಫಾರ್ಮನ್ನು ಮುಚ್ಚಿ ಹಿಂದಿನದಕ್ಕೆ ಮರಳುವ ಬಟನ್ನಿಗೆ ಎಲ್ಲರೂ ‘ಕ್ಲೋಸ್’ ಎಂದು ಬರೆದರೆ ಇವರು ‘ಹೋಗಿ ಬರ್ತೇನೆ’ ಎಂದು ಬರೆದಿದ್ದರು. ನನಗೆ ನಗು ಬಂತು, ಜೊತೆಗೆ ಒಂದು ಆಕ್ಷೇಪವೂ ಇತ್ತು. ನಮ್ಮಲ್ಲಿ ಯಾರ ಮನೆಯಿಂದ ಹೊರಡುವಾಗಲೂ ‘ಹೋಗ್ತೇನೆ’ ಎನ್ನಬಾರದು, ‘ಪೋದು ಬರ್ಪೆ’, ಹೋಗಿ ಬರ್ತೇನೆ, ಎನ್ನಬೇಕು. ಆದರೆ ಆಸ್ಪತ್ರೆಯಿಂದ ಹೊರಡುವಾಗ ಮಾತ್ರ ಹಾಗೆನ್ನಬಾರದು. ಅಲ್ಲಿಗೆ ಮತ್ತೆ ಬರುವ ಆಸೆ ಯಾರಿಗಿದೆ? ಇದನ್ನು ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಒಂದು ಕ್ಷಣ ಯೋಚಿಸಿ, ಮೂರನೆಯ ಫಾರ್ಮನ್ನು ತೆರೆದರು. ‘ಹೊರಟವರು’ ಫಾರ್ಮಿನ ಬಟನ್ ಒಂದನ್ನು ಮಾತ್ರ ‘ಹೋಗ್ತೇನೆ’ ಎಂದು ತಿದ್ದಿದರು. ಗೂಡಿನಂಥ ಆ ಕೋಣೆಯಲ್ಲಿ ನನ್ನ ಒಂದು ಮಾತು ನಡೆದ ಮೊದಲ ದಿನ ಅದು. ಮನೆಗೆ ಹೋಗಿ ಅಮ್ಮನಿಗೆ ಎರಡು ಸಲ ಹೇಳಿದ್ದೆ.

ಇನ್ನು ಚುಕ್ಕಿಯ ವಿಷಯ.

ಮೊದಲನೆಯ ಫಾರ್ಮಿನಲ್ಲಿ ‘ಜವಾಬ್ದಾರಿ ಯಾರು’ ಎಂಬ ಒಂದು ಚೌಕ ಇತ್ತು. ರೋಗಿಯ ಜೊತೆ ಬಂದವರ ಹೆಸರು, ಸಂಬಂಧ, ಫೋನ್ ನಂಬರು ಅಲ್ಲಿ ಬರಬೇಕು. ಅದು ತುಂಬದೆ ಎರಡನೆಯ ಫಾರ್ಮಿಗೆ ಹೋಗುವ ಬಟನ್ ಕೆಲಸ ಮಾಡುವುದಿಲ್ಲ. ಆಫೀಸಿನ ಆದೇಶ, ಬಾಯಮ್ಮ ಹಾಗೆಯೇ ಕಟ್ಟಿದ್ದರು. ಒಂದು ದಿನ ಬೆಳಿಗ್ಗೆ ಬೀಡಿ ಕಟ್ಟುವ ಹೆಂಗಸೊಬ್ಬಳು ಬಂದಳು. ಕಟ್ಟಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಅಲ್ಲಿಂದ ಸೀದಾ ಬಂದದ್ದು, ಕೈಯಲ್ಲಿ ಎಲೆಯ ಚೀಲ ಇನ್ನೂ ಇತ್ತು. ಹೊಟ್ಟೆ ಹಿಡಿದುಕೊಂಡು ಕೌಂಟರಿಗೆ ಹಣೆ ಒರಗಿಸಿ ನಿಂತಿದ್ದಳು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಸಹೋದ್ಯೋಗಿ ಕೇಳಿದಳು, “ಜೊತೆಗೆ ಯಾರಿದ್ದಾರೆ?”

“ನಾನೇ ಇದ್ದೇನಲ್ಲ” ಎಂದಳು ಆ ಹೆಂಗಸು.

“ನೀವಲ್ಲ, ನಿಮ್ಮ ಜೊತೆಗೆ.”

“ನನ್ನ ಜೊತೆಗೆ ನಾನೇ.”

ಸಹೋದ್ಯೋಗಿ ಮತ್ತೊಂದು ಸಲ ಕೇಳಿದಳು. ಗಂಡ? ತೀರಿಹೋಗಿದ್ದಾನೆ. ಮಕ್ಕಳು? ಇಲ್ಲ. ಅಣ್ಣ ತಮ್ಮ? ಹೆಂಗಸಿನ ಹಣೆ ಮತ್ತೆ ಕೌಂಟರಿಗೆ ಒರಗಿತು. ಆಗ ಸಹೋದ್ಯೋಗಿ ಎಲ್ಲ ಆಪರೇಟರುಗಳೂ ಮಾಡುವ ಉಪಾಯ ಮಾಡಿದಳು. ಚೌಕದಲ್ಲಿ ಒಂದು ಚುಕ್ಕಿ ಒತ್ತಿದಳು. ಕಂಪ್ಯೂಟರಿಗೆ ಚುಕ್ಕಿಯೂ ಒಂದು ಹೆಸರೇ. ಬಟನ್ ತೆರೆಯಿತು, ಚೀಟಿ ಬಂತು, ಹೆಂಗಸು ಮೇಲೆ ಹೋದಳು. ಎಲ್ಲವೂ ಸುಖವಾಗಿ ಮುಗಿಯಿತು ಎಂದುಕೊಂಡೆವು.

ಸಂಜೆ ಬಾಯಮ್ಮ ಪಟ್ಟಿ ನೋಡುತ್ತಾ ಕೇಳಿದರು, “ಈ ಚುಕ್ಕಿ ಯಾರು?” ಬೀಡಿಯ ಹೆಂಗಸಿಗೆ ಹಾಕಿದ್ದು ಎಂದಳು ಸಹೋದ್ಯೋಗಿ. “ಅವಳ ಗಂಡನಾ? ಅಣ್ಣನಾ? ಇಲ್ಲಿ ಎಷ್ಟು ಜನಕ್ಕೆ ಇದೇ ಚುಕ್ಕಿ ಜವಾಬ್ದಾರಿ ಉಂಟು ನೋಡಿ. ಊರಿಗೆಲ್ಲ ಇದೊಬ್ಬನೇ ಸಂಬಂಧಿಕನಾ?” ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. “ಇಲ್ಲದವರಿಗೆ ಇಲ್ಲ ಅಂತ ಇರ್ಬೇಕು. ಚುಕ್ಕಿ ಹಾಕಿದ್ರೆ ಅದು ಸುಳ್ಳು. ಖಾಲಿ ಬಿಟ್ರೆ ಅದು ನಿಜ” ಎಂದರು. ಆ ದಿನ ಅವರು ಮನೆಗೆ ಹೊರಡುವ ಮೊದಲು ಮೊದಲನೆಯ ಫಾರ್ಮಿನ ಕೆಳಗೆ, ಬಲಗಡೆ, ಒಂದು ಹೊಸ ಬಟನ್ ಇತ್ತು. ಅದರ ಮೇಲೆ ಬರೆದಿತ್ತು: ‘ಆಮೇಲೆ ನೋಡುವ’. ಒತ್ತಿದರೆ ಚೌಕ ಖಾಲಿ ಇದ್ದರೂ ರೋಗಿಯ ನಂಬರಿನ ಕೈ ಹಿಡಿದುಕೊಂಡು ಎರಡನೆಯ ಫಾರ್ಮಿಗೆ ಹೋಗುತ್ತದೆ.

ನಮ್ಮ ಕಡೆಯವರಿಗೆ ಈ ಮಾತಿನ ಅರ್ಥ ಹೇಳಬೇಕಾಗಿಲ್ಲ. ‘ಆಮೇಲೆ ನೋಡುವ’ ಎಂದರೆ ಆಗುವುದಿಲ್ಲ ಎಂದು. ಮುಖಕ್ಕೆ ಹೊಡೆದಂತೆ ಇಲ್ಲ ಎನ್ನಲು ನಾಚಿಕೆಯಾದರೆ ನಾವು ಆಮೇಲೆ ನೋಡುವ ಎನ್ನುತ್ತೇವೆ, ಕೇಳಿದವರೂ ಅರ್ಥ ಮಾಡಿಕೊಂಡು ಮನೆಗೆ ಹೋಗುತ್ತಾರೆ. ನಾನು ಎಷ್ಟು ಜನರ ಬಾಯಲ್ಲಿ ಇದನ್ನು ಕೇಳಿದ್ದೇನೋ ಲೆಕ್ಕವಿಲ್ಲ. ಹೇಳಿದ ಮೇಲೆ ನಿಜವಾಗಿಯೂ ನೋಡಿದವರನ್ನು ಕಂಡದ್ದು ಒಬ್ಬರನ್ನೇ. ಮಧ್ಯಾಹ್ನ ಊಟ ಮುಗಿಸಿ, ಗಡಿಯಾರ ನೋಡಲು ಮಣಿಕಟ್ಟನ್ನು ತಿರುಗಿಸಿ, ಒಂದು ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಬಾಯಮ್ಮ ಮೆಟ್ಟಿಲು ಹತ್ತುತ್ತಿದ್ದರು. ಮೊಣಕಾಲು ನೋವು ಇತ್ತು, ಲಿಫ್ಟು ರೋಗಿಗಳಿಗೆ ಎನ್ನುತ್ತಿದ್ದರು. ಬೆಳಿಗ್ಗೆ ಖಾಲಿ ಬಿಟ್ಟವರ ಹಾಸಿಗೆಯ ಪಕ್ಕ ಸ್ಟೂಲು ಎಳೆದು ಕೂತು ಮಾತಾಡುತ್ತಿದ್ದರು. ಏನು ತಿಂದಿರಿ, ನಿದ್ದೆ ಬಂತಾ, ಹೀಗೇ ಸುತ್ತಿ ಬಳಸಿ. ಹೆಚ್ಚಿನವರಿಗೆ ಯಾರೋ ಒಬ್ಬರು ಇದ್ದೇ ಇರುತ್ತಿದ್ದರು. ನೋವಿನಲ್ಲಿ ನೆನಪಾಗಿರುವುದಿಲ್ಲ, ಅಥವಾ ಹೇಳಲು ಮನಸ್ಸಿರುವುದಿಲ್ಲ. ಬೀಡಿಯ ಹೆಂಗಸಿಗೆ ಬ್ರಾಂಚಿನಲ್ಲಿ ಅವಳ ಪಕ್ಕ ಕೂರುವ ಬ್ಯಾರಿ ಮುಸ್ಲಿಂ ಹೆಂಗಸಿದ್ದಳು. ಹೇಳಿ ಕಳಿಸಿದ್ದೇ ತಡ, ಗಂಜಿಯ ಪಾತ್ರೆ ಹಿಡಿದುಕೊಂಡು ಬಂದಳು, ನಾಲ್ಕು ದಿನ ಅಲ್ಲೇ ಮಲಗಿದಳು. ಚೌಕದಲ್ಲಿ ಅವಳ ಹೆಸರು ಬಿತ್ತು. ಯಾರೂ ಇಲ್ಲದವರೂ ಇರುತ್ತಿದ್ದರು. ಅವರ ಚೌಕ ಖಾಲಿಯೇ ಉಳಿಯುತ್ತಿತ್ತು.

ಆ ಖಾಲಿಗಳೇ ಆಫೀಸಿನ ಸಾರ್ ಕಣ್ಣಿಗೆ ಬಿದ್ದದ್ದು. ಆಗಿನ ಆಡಳಿತಾಧಿಕಾರಿ ಅವರು, ಕೆಟ್ಟ ಮನುಷ್ಯ ಎಂದು ನಾನು ಹೇಳುವುದಿಲ್ಲ. ಹಬ್ಬಕ್ಕೆ ನಮಗೆಲ್ಲ ಸಿಹಿ ಹಂಚುತ್ತಿದ್ದರು. ಆದರೆ ಖಾಲಿ ಜಾಗ ಕಂಡರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಪಟ್ಟಿಯನ್ನು ಹಿಡಿದುಕೊಂಡು ರೂಮಿಗೇ ಬಂದರು.

“ನಾಳೆ ಎಂತಾದ್ರೂ ಆದ್ರೆ ಯಾರಿಗೆ ಫೋನ್ ಮಾಡುದು ಬಾಯಮ್ಮ?”

“ಫೋನ್ ಮಾಡ್ಲಿಕ್ಕೆ ಯಾರೂ ಇಲ್ಲದವರಿಗೆ ಎಂತದೂ ಆಗ್ಬಾರ್ದು ಅಂತಲೇ, ಸಾರ್, ಬೇಗ ವಾರ್ಡಿಗೆ ಕಳಿಸುದು.”

ಸಾರ್ ಮುಖ ಕೆಂಪಾಯಿತು. ನಮ್ಮೆದುರು ಅವರಿಗೆ ಯಾರೂ ಹಾಗೆ ಉತ್ತರ ಕೊಟ್ಟದ್ದಿರಲಿಲ್ಲ. ಪರದೆಯ ಕಡೆ ಬೆರಳು ತೋರಿಸಿ, “ನಾಳೆಯಿಂದ ಆ ಬಟನ್ ನನ್ನ ಕಣ್ಣಿಗೆ ಕಾಣಬಾರದು” ಎಂದರು.

“ಆಯ್ತು ಸಾರ್, ಕಾಣುದಿಲ್ಲ” ಎಂದರು ಬಾಯಮ್ಮ.

ಇಷ್ಟು ಬೇಗ ಸೋತುಬಿಟ್ಟರಲ್ಲ ಎಂದು ನನಗೆ ಅವರ ಮೇಲೆಯೇ ಸಿಟ್ಟು ಬಂತು. ಮರುದಿನ ಬೆಳಿಗ್ಗೆ ಸಾರ್ ಬಂದು ನೋಡಿದರು. ಬಟನ್ ಇರಲಿಲ್ಲ. ತಲೆಯಾಡಿಸಿ ಹೋದರು. ಅವರ ಚಪ್ಪಲಿಯ ಸದ್ದು ಕಾರಿಡಾರಿನಲ್ಲಿ ಮುಗಿದ ಮೇಲೆ ಬಾಯಮ್ಮ ನನ್ನ ಕೈಯನ್ನು ಮೌಸಿನ ಸಮೇತ ಹಿಡಿದು, ಪರದೆಯ ಬಲಗಡೆಯ ಖಾಲಿ ಜಾಗಕ್ಕೆ ಒಯ್ದು, ಒತ್ತಿಸಿದರು. ಎರಡನೆಯ ಫಾರ್ಮ್ ತೆರೆಯಿತು.

ಆಮೇಲೆ ವಿವರಿಸಿದರು. ಪ್ರತಿ ಬಟನ್ನಿಗೂ ಅದರ ಗುಣಗಳ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ‘ವಿಸಿಬಲ್’ ಎಂಬ ಸಾಲಿಗೆ ಬೇಡ ಎಂದರೆ ಬಟನ್ ಕಾಣುವುದೂ ಇಲ್ಲ, ಒತ್ತಲೂ ಆಗುವುದಿಲ್ಲ, ಇಲ್ಲದಂತೆಯೇ. ಇನ್ನೊಂದು ಸಾಲು ‘ಟ್ರಾನ್ಸ್‌ಪರೆಂಟ್’. ಅದಕ್ಕೆ ಹೌದು ಎಂದರೆ ಬಟನ್ ಕಾಣುವುದಿಲ್ಲ, ಅಷ್ಟೇ. ಇದ್ದಲ್ಲಿಯೇ ಇರುತ್ತದೆ, ಒತ್ತಿದರೆ ತನ್ನ ಕೆಲಸ ಮಾಡುತ್ತದೆ. “ಸಾರ್ ತೆಗೀರಿ ಅಂತ ಹೇಳ್ಳಿಲ್ಲ, ಕಾಣಬಾರದು ಅಂತ ಹೇಳಿದ್ದು. ಕಾಣುದಿಲ್ಲ” ಎಂದು ಬಾಯಮ್ಮ ಚಹಾದ ಲೋಟ ಎತ್ತಿಕೊಂಡರು. ಸುಳ್ಳು ಹೇಳದೆ ಎದುರು ನಿಲ್ಲುವುದು ಹೇಗೆಂದು ನಾನು ಕಲಿತದ್ದು ಆ ಬೆಳಿಗ್ಗೆ. ಯಾವ ಸೆಂಟರೂ ಅದಕ್ಕೆ ಸರ್ಟಿಫಿಕೇಟ್ ಕೊಡುವುದಿಲ್ಲ.

ಒಂದೇ ತೊಂದರೆ. ಕಾಣದ ಬಟನ್ನನ್ನು ಹುಡುಕುವುದು ಹೇಗೆ? ಕೌಂಟರಿನಲ್ಲಿ ರೋಗಿ ನರಳುತ್ತಿರುವಾಗ ನಾವು ಕತ್ತಲೆಯಲ್ಲಿ ಸ್ವಿಚ್ಚು ತಡಕಿದ ಹಾಗೆ ಅಲ್ಲೆಲ್ಲ ಒತ್ತುತ್ತಿದ್ದೆವು. ಪೆನ್ನಿನಲ್ಲಿ ಗಾಜಿನ ಮೇಲೆ ಗುರುತು ಹಾಕಿದೆ, ಸ್ವೀಪರ್ ಅಕ್ಕ ಒರೆಸಿ ಹಾಕಿದಳು. ಕಾಗದದ ತುಂಡು ಅಂಟಿಸಿದರೆ ಸಾರ್ ಇದೇನು ಎಂದು ಕೇಳುತ್ತಾರೆ. ಬಾಯಮ್ಮ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. “ನಿನ್ನ ಹಣೆಯ ಬೊಟ್ಟು ಕೊಡು” ಎಂದರು.

ತೆಗೆದು ಕೊಟ್ಟೆ. ತಮ್ಮ ತೋರುಬೆರಳಿನ ತುದಿಯಲ್ಲಿ ಅದನ್ನು ಹಿಡಿದುಕೊಂಡು, ಹೇಗೆ ಅಂಟಿಸುವುದೆಂದು ಗೊತ್ತಾಗದವರ ಹಾಗೆ ಒಮ್ಮೆ ತಿರುಗಿಸಿ ನೋಡಿ, ಗಾಜಿಗೆ ಒತ್ತಿದರು. ಸರಿಯಾಗಿ ಬಟನ್ನಿನ ಮೇಲೆ. “ಚುಕ್ಕಿ ಬೇಕಾದ್ರೆ ಇಲ್ಲಿ ಹಾಕುವ. ಒಳಗೆ ಬೇಡ” ಎಂದರು.

ಸ್ನಾನಕ್ಕೆ ಹೋಗುವಾಗ ಹಣೆಯ ಬೊಟ್ಟನ್ನು ಕನ್ನಡಿಗೆ ಅಂಟಿಸುವುದು ನಮ್ಮ ಹೆಂಗಸರಿಗೆ ರೂಢಿ. ಯಾರ ಮನೆಯ ಕನ್ನಡಿ ನೋಡಿದರೂ ಅಂಚಿನಲ್ಲಿ ನಾಲ್ಕು ಬೊಟ್ಟು ಇರುತ್ತವೆ. ಹಾಗಾಗಿ ಒಂದು ವಾರದ ಮೇಲೆ ಸಾರ್ ಬಂದವರು ಬೊಟ್ಟು ನೋಡಿ, “ಇದೆಂತ, ಕಂಪ್ಯೂಟರಾ ಕನ್ನಡಿಯಾ?” ಎಂದಾಗ ಬಾಯಮ್ಮ ತಲೆ ಎತ್ತದೆ, “ಹುಡುಗಿಯರು ಸಾರ್, ಗಾಜು ಎಲ್ಲಿ ಸಿಕ್ಕಿದ್ರೂ ಅಂಟಿಸ್ತಾರೆ” ಎಂದರು. ನಾನು ನಾಚಿದವಳಂತೆ ನಟಿಸಿದೆ. ಮೂರೂ ಪರದೆಗಳಲ್ಲಿ ಒಂದೇ ಜಾಗದಲ್ಲಿ ಬೊಟ್ಟು ಏಕಿದೆ ಎಂದು ಅವರು ಕೇಳಲಿಲ್ಲ. ಅಷ್ಟು ಗಮನಿಸಲಿಲ್ಲವೋ, ಗಮನಿಸಿ ಸುಮ್ಮನಾದರೋ… ಈಗ ಯೋಚಿಸಿದರೆ ಎರಡನೆಯದೇ ಇರಬೇಕು ಅನ್ನಿಸುತ್ತದೆ. ಪಟ್ಟಿ ಅವರ ಕೈಗೆ ತಿಂಗಳು ತಿಂಗಳೂ ಹೋಗುತ್ತಿತ್ತಲ್ಲ.

ಬಾಯಮ್ಮ ನಿವೃತ್ತರಾದ ದಿನ ಚಹಾ, ಕೇಕು, ಒಂದು ಶಾಲು ಎಲ್ಲ ಆಯಿತು. ಗೇಟಿನವರೆಗೆ ನಾನು ಹೋದೆ. ಆಟೋ ಹತ್ತುವ ಮೊದಲು ತಿರುಗಿ, “ಹೋಗ್ತೇನೆ” ಎಂದರು. ‘ಬರ್ತೇನೆ’ ಎನ್ನಲಿಲ್ಲ. ಆಸ್ಪತ್ರೆಯ ಗೇಟಲ್ಲವೇ. ನನ್ನ ನಿಯಮವನ್ನು ನನಗೇ ವಾಪಸು ಕೊಟ್ಟು ಹೋದ ಹಾಗಿತ್ತು.

ಅವರು ಹೋದ ಮೇಲೆ ರೂಮಿನ ಜವಾಬ್ದಾರಿ ನನಗೆ ಬಂತು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲು ಕೆಲವು ತಿಂಗಳು ನಾನೂ ಹಲಗೆ ಹಿಡಿದು ಮಹಡಿ ಹತ್ತಿದೆ. ಆಮೇಲೆ ವಾರಕ್ಕೆರಡು ಸಲ, ಆಮೇಲೆ ಇಲ್ಲ. ದಪ್ಪ ಪರದೆಗಳು ಹೋಗಿ ತೆಳು ಪರದೆಗಳು ಬಂದಾಗ ಹಳೆಯ ಬೊಟ್ಟುಗಳೂ ಅವುಗಳ ಜೊತೆ ಹೋದವು. ಹೊಸದು ಅಂಟಿಸಬೇಕೆಂದುಕೊಂಡೆ, ಅಂಟಿಸಲಿಲ್ಲ. ಆಮೇಲೆ ನೋಡುವ ಎಂದು ಬಿಟ್ಟೆ, ನಮ್ಮ ಊರಿನ ಅರ್ಥದಲ್ಲಿ. ಹೊಸದಾಗಿ ಸೇರಿದವರಿಗೆ ಆ ಬಟನ್ ಇರುವುದೇ ಗೊತ್ತಿರಲಿಲ್ಲ. ಚುಕ್ಕಿ ಮತ್ತೆ ಬಂತು. ಬೇರೆಯವರ ಮೇಲೆ ಹಾಕುವುದು ಬೇಡ, ನಾನೂ ಹಾಕಿದ್ದೇನೆ. ನನ್ನ ಹೆಸರಿನ ಲಾಗಿನ್‌ನಲ್ಲಿ ಎಷ್ಟು ಚುಕ್ಕಿಗಳಿವೆಯೋ… ಎಣಿಸಲು ಹೋಗಿಲ್ಲ.

ಹಾಗೆ ಇರುವಾಗ ಒಂದು ಬೆಳಿಗ್ಗೆ, ಕೌಂಟರಿನಲ್ಲಿ ಕೂತಿದ್ದ ಹೊಸ ಆಪರೇಟರ್ ಯಾರನ್ನೋ ಪ್ರಶ್ನೆ ಕೇಳುತ್ತಿದ್ದದ್ದು ಒಳಗಿನ ಮೇಜಿಗೆ ಕೇಳಿಸಿತು. “ನಿಮ್ಮ ಜೊತೆಗೆ ಯಾರಿದ್ದಾರೆ ಅಮ್ಮ?” ಉತ್ತರ ಬಂತು.

“ನಾನೇ ಇದ್ದೇನಲ್ಲ.”

ಆ ಮಾತಿಗಲ್ಲ, ಆ ದನಿಗೆ ಎದ್ದು ಹೋದೆ. ಬಾಯಮ್ಮ ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ತೆಳ್ಳಗಾಗಿದ್ದರು. ಮಣಿಕಟ್ಟು ಎಷ್ಟು ಸಣ್ಣದಾಗಿತ್ತೆಂದರೆ ಗಡಿಯಾರ ತಾನಾಗಿಯೇ ಒಳಗಡೆಗೆ ಜಾರಿತ್ತು. ಉಸಿರು ಎಳೆಯಲು ಕಷ್ಟಪಡುತ್ತಿದ್ದರು. ಆಪರೇಟರ್ ನನ್ನ ಕಡೆ ನೋಡಿ, “ಮೇಡಂ, ಇವರಿಗೆ ಯಾರೂ ಇಲ್ವಂತೆ, ಚುಕ್ಕಿ ಹಾಕ್ತೇನೆ” ಎಂದಳು. ಅವಳ ಬೆರಳು ಆಗಲೇ ಕೀಲಿಯ ಮೇಲಿತ್ತು.

“ಹಾಕಬೇಡ” ಎಂದೆ. ನಾನು ಎಷ್ಟು ಜೋರಾಗಿ ಹೇಳಿದ್ದೆನೆಂದು ಆಮೇಲೆ ಅವಳೇ ಹೇಳಿದಳು.

ಮೌಸು ಕಿತ್ತುಕೊಂಡೆ. ಪರದೆಯ ಬಲಗಡೆ ಖಾಲಿ ಜಾಗ. ಒತ್ತಿದೆ, ಏನೂ ಆಗಲಿಲ್ಲ. ಸ್ವಲ್ಪ ಮೇಲೆ ಒತ್ತಿದೆ, ಇಲ್ಲ. ನನ್ನ ಕೈಯನ್ನು ಹಿಡಿದು ಆ ಜಾಗ ತೋರಿಸಿಕೊಟ್ಟವರು ಎರಡು ಅಡಿ ದೂರದಲ್ಲಿ ಉಸಿರಿಗೆ ಹೆಣಗುತ್ತಿದ್ದಾರೆ, ನಾನು ಜಾಗವನ್ನು ಮರೆತಿದ್ದೇನೆ. ಆ ಎರಡು ಕ್ಷಣದ ನಾಚಿಕೆಯನ್ನು ಸಾಯುವವರೆಗೆ ಮರೆಯಲಾರೆ. ಮೂರನೆಯ ಸಲ ಒತ್ತಿದಾಗ ಎರಡನೆಯ ಫಾರ್ಮ್ ತೆರೆಯಿತು. ಅವರ ನಂಬರು, ಅವರ ಹೆಸರು, ಮೂರೂ ತುಂಡು. ಚೀಟಿ ಬಂತು. ಅವರನ್ನು ಮೇಲೆ ಕಳಿಸಿ ಬಂದು, ಹಣೆಯ ಬೊಟ್ಟು ತೆಗೆದು ಗಾಜಿಗೆ ಅಂಟಿಸಿದೆ. ಮೊನ್ನೆ ಬಟ್ಟೆಗೆ ಸಿಕ್ಕಿದ್ದು ಅದೇ.

ಮಧ್ಯಾಹ್ನ ಹಲಗೆ ಹುಡುಕಿ ತೆಗೆದು ಮೆಟ್ಟಿಲು ಹತ್ತಿದೆ. ಸ್ಟೂಲು ಎಳೆದು ಕೂತೆ. ಅವರು ಆಮ್ಲಜನಕದ ನಳಿಕೆಯ ಮೇಲಿನ ಕಣ್ಣುಗಳಲ್ಲಿ ನಕ್ಕರು. “ಆಮೇಲೆ ನೋಡ್ಲಿಕ್ಕೆ ಬಂದದ್ದಾ?” ಎಂದರು. ಜವಾಬ್ದಾರಿಯ ಚೌಕದಲ್ಲಿ ನನ್ನ ಹೆಸರು ಬರೆಯುತ್ತೇನೆ ಎಂದೆ.

“ಸಂಬಂಧ ಅಂತ ಲಿಸ್ಟು ಉಂಟಲ್ಲ, ಅದ್ರಲ್ಲಿ ಎಂತ ಒತ್ತುತ್ತಿ?”

ಗಂಡ, ಹೆಂಡತಿ, ತಂದೆ, ತಾಯಿ, ಮಗ, ಮಗಳು, ಅಣ್ಣ, ತಂಗಿ. ಆ ಲಿಸ್ಟು ಅವರೇ ಮಾಡಿದ್ದು, ನಾನೇ ಟೈಪ್ ಮಾಡಿದ್ದು. ಮಗಳು ಎಂದು ಒತ್ತುತ್ತೇನೆ ಎಂದು ಬಾಯಿಗೆ ಬಂತು. ಅವರು ತಲೆಯಾಡಿಸಿದರು.

“ಬೇಡ. ಚುಕ್ಕಿಯೂ ಬೇಡ, ಅದೂ ಬೇಡ. ಖಾಲಿ ಉಂಟು, ಖಾಲಿ ಅಂತಲೇ ಇರ್ಲಿ.” ಸ್ವಲ್ಪ ಉಸಿರು ತೆಗೆದುಕೊಂಡು ಹೇಳಿದರು, “ಇರುದು ಉಂಟಲ್ಲ, ಅದು ನಂಗೂ ಗೊತ್ತುಂಟು, ನಿಂಗೂ ಗೊತ್ತುಂಟು. ಟ್ರಾನ್ಸ್‌ಪರೆಂಟ್.”

ಅದಾಗಿ ಐದು ದಿನ ಇದ್ದರು. ನಾನು ದಿನಾ ಮಧ್ಯಾಹ್ನ ಹೋಗಿ ಕೂರುತ್ತಿದ್ದೆ. ಆರನೆಯ ದಿನ ಬೆಳಿಗ್ಗೆ ಸಿಸ್ಟರ್ ಕೆಳಗಿಳಿದು ಬಂದು ನನ್ನ ಮೇಜಿನ ಮೇಲೆ ಬಾಯಮ್ಮನ ಕಾಗದ ಇಟ್ಟರು. ಮೂರನೆಯ ಫಾರ್ಮನ್ನು ಬೇರೆ ಯಾರಿಗೂ ಮಾಡಲು ಬಿಡಲಿಲ್ಲ. ದಿನಾಂಕ, ಸಮಯ, ಕಾರಣ ಎಲ್ಲ ತುಂಬಿದೆ. ಕೆಳಗೆ ಬಟನ್. ‘ಹೋಗ್ತೇನೆ’. ಇಪ್ಪತ್ತೆರಡರ ವಯಸ್ಸಿನಲ್ಲಿ ಜಾಣತನ ತೋರಿಸಲು ಹೋಗಿ ನಾನೇ ಬದಲಾಯಿಸಿದ ಒಂದು ಪದ… ಅದನ್ನು ಒತ್ತಬೇಕಾದವಳೂ ನಾನೇ ಆದೆ. ಕೌಂಟರಿನಲ್ಲಿ ಜನ ಕಾಯುತ್ತಿದ್ದರು. ಒತ್ತಿದೆ. ಚರ್ಚಿನ ಸ್ಮಶಾನ, ಸಿಮಿತ್ರಿಗೆ ಹೋಗಿ ಮಣ್ಣು ಹಾಕಿ ಬಂದೆ. ಆ ದಿನದಿಂದ ಇವತ್ತಿನವರೆಗೆ ನನ್ನ ರೂಮಿನಲ್ಲಿ ಯಾರೂ ಚುಕ್ಕಿ ಹಾಕಿಲ್ಲ. ಹಾಕಲು ನಾನು ಬಿಟ್ಟಿಲ್ಲ.

ಈಗ ಹೊಸ ಸಾಫ್ಟ್‌ವೇರ್ ಬಂದಿದೆ. ಚಂದವಾಗಿದೆ, ಬಣ್ಣ ಬಣ್ಣ. ಹಳೆಯ ದಾಖಲೆಗಳನ್ನೆಲ್ಲ ಅದಕ್ಕೆ ಸಾಗಿಸಲು ಕಂಪೆನಿಯ ಎಂಜಿನಿಯರ್ ಬಂದಿದ್ದಾರೆ. ನನ್ನದೇ ವಯಸ್ಸು, ಬೆಂಗಳೂರಿನ ಕಡೆಯ ಕನ್ನಡ, ವಿನಯವಂತರು. ನಿನ್ನೆ ಒಂದು ಪಟ್ಟಿ ತೋರಿಸಿದರು. “ಮೇಡಂ, ಇವಿಷ್ಟು ರೆಕಾರ್ಡು ರಿಜೆಕ್ಟ್ ಆಗ್ತಿವೆ. ಜವಾಬ್ದಾರಿ ಕಾಲಮ್ ಖಾಲಿ ಇದೆ ನೋಡಿ. ನಮ್ಮಲ್ಲಿ ಅದು ಕಡ್ಡಾಯ. ಒಂದೇ ಸಲಕ್ಕೆ ಎಲ್ಲದಕ್ಕೂ ಒಂದು ಡಾಟ್ ಹಾಕ್ಬಿಡ್ತೀನಿ, ಒಂದು ನಿಮಿಷದ ಕೆಲಸ.”

ಪಟ್ಟಿಯ ಮೇಲೆ ಕಣ್ಣಾಡಿಸಿದೆ. ಒಂಟಿಯಾಗಿ ಬಂದವರು, ಒಂಟಿಯಾಗಿಯೇ ಹೋದವರು, ಸಾಲು ಸಾಲು. ನಡುವೆ ಎಲ್ಲೋ ಮೂರು ತುಂಡಿನ ಒಂದು ಉದ್ದ ಹೆಸರು. ಅದರ ಎದುರು ಖಾಲಿ.

“ಹಾಕಬೇಡಿ” ಎಂದೆ. “ಖಾಲಿ ಇದ್ದದ್ದು ಖಾಲಿಯಾಗಿಯೇ ಆಚೆ ಬರಬೇಕು. ಮತ್ತೆ ನಿಮ್ಮ ಮೊದಲ ಪರದೆಯಲ್ಲಿ ಒಂದು ಬಟನ್ ಬೇಕು. ಚೌಕ ತುಂಬದಿದ್ದರೂ ಮುಂದೆ ಬಿಡುವಂಥದ್ದು. ಈ ಸಲ ಕಾಣುವ ಬಟನ್.” ಅವರು ಪಾಪ, ಅದು ತಮ್ಮ ಕೈಯಲ್ಲಿಲ್ಲ, ಕೆಲಸ ಮುಗಿದಿದೆ ಎಂಬ ಕಾಗದಕ್ಕೆ ನಾನು ಸಹಿ ಹಾಕಿಕೊಟ್ಟರೆ ಸಾಕು ಎಂದರು. ಹಾಕುವುದಿಲ್ಲ ಎಂದೆ.

ಸಂಜೆ ಈಗಿನ ಆಫೀಸಿನ ಸಾರ್ ಫೋನ್ ಮಾಡಿದರು. ಇವರೂ ಕೆಟ್ಟವರಲ್ಲ. “ಎಂತ ಮಾರಾಯ್ರೆ, ಒಂದು ಚುಕ್ಕಿಗೆ ಇಷ್ಟು ಗಲಾಟೆಯಾ? ಈಗ ಸಹಿ ಹಾಕಿ. ಅದನ್ನು ಆಮೇಲೆ ನೋಡುವ.”

“ಆಮೇಲೆ ನೋಡುವವರು ತೀರಿಹೋದರು ಸಾರ್” ಎಂದೆ. “ಈಗಲೇ ನೋಡುವ.”

ಫೋನ್ ಇಟ್ಟೆ. ಹೊಸ ಪರದೆಯ ಗಾಜು ಎಷ್ಟು ಚೊಕ್ಕಟವಾಗಿತ್ತೆಂದರೆ ನನ್ನ ಮುಖ ಅದರಲ್ಲಿ ಕಾಣುತ್ತಿತ್ತು. ಹಣೆಯಿಂದ ಬೊಟ್ಟು ತೆಗೆದು, ಬಲಗಡೆ, ಕೆಳಗಿನ ಮೂಲೆಗಿಂತ ಸ್ವಲ್ಪ ಮೇಲೆ ಒತ್ತಿದೆ. ಅದರ ಹಿಂದೆ ಇನ್ನೂ ಬಟನ್ ಇಲ್ಲ, ನನ್ನ ಕೈ ಹಿಡಿದು ತೋರಿಸುವವರೂ ಇಲ್ಲ. ಕಂಪೆನಿಯ ಕಾಗದ ನನ್ನ ಡ್ರಾಯರಿನಲ್ಲಿದೆ. ಸಹಿಯ ಜಾಗ ಖಾಲಿ.